ಹೊಸಿಲು ದಾಟಿ ಬಂದವರಿಗೊಂದು ಸೂರು

1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದಿಳಿದರು. ಊರಿಗೆ ಕ್ರೈಸ್ತ ಧರ್ಮ ಹೊಸದಾಗಿರಲಿಲ್ಲ. ಕೊಂಕಣಿ ಮಾತಾಡುವ ಕೆಥೊಲಿಕರು ಎಷ್ಟೋ ಕಾಲದಿಂದ ಇಲ್ಲಿದ್ದರು. ಈ ಪ್ರಾಟೆಸ್ಟಂಟ್ ಪಾದ್ರಿಗಳು ತಲುಪಬೇಕೆಂದಿದ್ದುದು ತುಳು, ಕನ್ನಡ ಆಡುವ ಜನರನ್ನು. ಪರದೇಶಿಯ ಉಪದೇಶಕ್ಕೆ ಕಿವಿಗೊಡುವವರು ಯಾರು? ಮೊದಲು ತಾವೇ ಜನರ ಮಾತಿಗೆ ಕಿವಿಗೊಡುವುದು ಅವರು ಹಿಡಿದ ದಾರಿ.

1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈಯಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಕನ್ನಡದ ಈ ಮೊದಲ ಪತ್ರಿಕೆಯ ಬೆಲೆ ಒಂದು ದುಡ್ಡು. ಅದರಲ್ಲಿ ಊರಿನ ಸುದ್ದಿಯಿತ್ತು, ಸರಕಾರದ ಆಜ್ಞೆಗಳಿದ್ದವು, ಕಥೆಗಳಿದ್ದವು. ಓದುಗ ಇಗರ್ಜಿಯ ಮೆಟ್ಟಿಲು ಹತ್ತಬೇಕಾಗಿರಲಿಲ್ಲ. ಮುಂದೆ ಇದೇ ಮೋಗ್ಲಿಂಗ್ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. 1853ರಲ್ಲಿ ಬಂದ ಕಿಟೆಲ್‌ರ ನಿಘಂಟು 1894ರಲ್ಲಿ ಹೊರಬಂತು. ಇದೆಲ್ಲದರ ಹಿಂದೆ ಧರ್ಮಪ್ರಚಾರದ ಉದ್ದೇಶವಿದ್ದುದು ನಿಜ. ಆದರೆ ಕಲಿತ ಭಾಷೆ ಕಲಿತವನನ್ನೂ ತನ್ನ ಕಡೆಗೆ ಎಳೆದುಕೊಳ್ಳುತ್ತದೆ.

ಭಾಷೆ ಬಾಗಿಲು ತೆರೆಯಿತು. ಒಳಗೆ ಬಂದವರ ಗತಿ? ದೀಕ್ಷೆ ಪಡೆದವನಿಗೆ ಮನೆ, ಕುಲ, ಕಸುಬು ಎಲ್ಲವೂ ತಪ್ಪುತ್ತಿದ್ದವು. ಶೇಂದಿ ಇಳಿಸುತ್ತಿದ್ದ ಬಿಲ್ಲವರು ಕ್ರೈಸ್ತರಾದರೆ ಆ ಕಸುಬನ್ನೇ ಬಿಡಬೇಕಿತ್ತು. ಬರೀ ಉಪದೇಶದಿಂದ ಒಲೆ ಉರಿಯುವುದಿಲ್ಲವೆಂದು ಮಿಷನ್ನಿಗೆ ಬೇಗ ಅರಿವಾಯಿತು. ಮಗ್ಗಗಳು ಬಂದವು, ಅಚ್ಚುಕೂಟ ಬೆಳೆಯಿತು, 1865ರಲ್ಲಿ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆರೆದರು. ಮುಳಿಹುಲ್ಲಿನ ಮಾಡುಗಳಿದ್ದ ಕರಾವಳಿಯಲ್ಲಿ ಕೆಂಪು ಹೆಂಚು ಎಲ್ಲ ಮತದವರ ಮನೆಯನ್ನೂ ಏರಿತು.

ಆದರೆ ಈ ಏರ್ಪಾಡಿನೊಳಗೇ ಒಂದು ತೊಡಕಿತ್ತು. ಸಂಬಳ ಕೊಡುವ ಕೈ, ಆಶೀರ್ವದಿಸುವ ಕೈ ಎರಡೂ ಒಂದೇ. ಅನ್ನಕ್ಕಾಗಿ ಬಂದವರೆಂದು ಹೊರಗಿನವರು ಆಡಿಕೊಳ್ಳುವುದು ಸುಲಭವಾಯಿತು. ಯಜಮಾನನೇ ಗುರುವಾದಾಗ ಕೂಲಿಕಾರ ಎದುರಾಡುವುದಾದರೂ ಹೇಗೆ?

ಇದರ ಪರೀಕ್ಷೆ ಮೊದಲ ಮಹಾಯುದ್ಧದಲ್ಲಿ ನಡೆಯಿತು. ಬ್ರಿಟಿಷ್ ಸರಕಾರ ಜರ್ಮನ್ ಪಾದ್ರಿಗಳನ್ನು ಬಂಧಿಸಿತು. ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಬರೀ ಅನ್ನದ ನಂಟಾಗಿದ್ದರೆ ಸಭೆಗಳು ಅಲ್ಲಿಗೇ ಚದುರಬೇಕಿತ್ತು. ಚದುರಲಿಲ್ಲ. ಇಂದಿಗೂ ಆ ಸಭೆಗಳಲ್ಲಿ ಪ್ರಾರ್ಥನೆ ಕನ್ನಡದಲ್ಲಿ ನಡೆಯುತ್ತದೆ.

ಹೊಸಬರನ್ನು ಕರೆಯುವ ಯಾವುದೇ ಧರ್ಮಕ್ಕೂ ಇಲ್ಲೊಂದು ಪಾಠವಿದೆ. ಕರೆಯುವುದು ಸುಲಭ. ಬಂದವರ ಹೊಟ್ಟೆ ನೋಡಿಕೊಳ್ಳಬೇಕು. ಅದರ ಋಣ ಅವರ ತಲೆಯ ಮೇಲೆ ಹೊರೆಯಾಗದಂತೆಯೂ ನೋಡಿಕೊಳ್ಳಬೇಕು. ಎರಡನೆಯದು ಹೆಚ್ಚು ಕಷ್ಟದ್ದು.