ಹಳೆಯ ಊರಿಗೊಪ್ಪುವ ಅಂಗಳ

ಪುರಾತನ ದೇಗುಲವಿರುವ ಹಳ್ಳಿಯಲ್ಲಿ, ಮನೆಯ ಮುಂದಣ ನಾಲ್ಕು ಮಾರು ನೆಲದಲ್ಲಿ ಏನನ್ನು ನೆಡಬೇಕು? ಪ್ರಶ್ನೆ ಸಣ್ಣದು, ಉತ್ತರ ಹೇಳಹೊರಟರೆ ಚರಿತ್ರೆಯನ್ನೇ ಕೆದಕಬೇಕಾಗುತ್ತದೆ. ನಿದರ್ಶನಕ್ಕೆ ಸೋಮನಾಥಪುರವನ್ನು ಆರಿಸಿಕೊಂಡಿದ್ದೇನೆ.

ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 13ನೆಯ ಶತಮಾನದಲ್ಲಿ ಕಾವೇರಿಯ ದಂಡೆಯ ಬಳಿ ತನ್ನ ಹೆಸರಿನಲ್ಲಿ ಅಗ್ರಹಾರವನ್ನು ಮಾಡಿಸಿ, ಅಲ್ಲಿ ಕೇಶವನ ಗುಡಿಯನ್ನು ಎತ್ತಿಸಿದನು. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇಂಥ ಸ್ಮಾರಕಗಳ ಸುತ್ತ ಹುಲ್ಲುಹಾಸು ಹಾಸುವುದು ನಮಗೆ ಅಭ್ಯಾಸವಾಗಿಹೋಗಿದೆ. ಅದು ಆಂಗ್ಲರ ಅಭಿರುಚಿ. ತಾಜಮಹಲಿನ ಉದ್ಯಾನವನ್ನು ಕರ್ಜನ್ ತಿದ್ದಿಸಿದ್ದೂ ಇದೇ ಧಾಟಿಯಲ್ಲಿ. ಊರಿನ ಮನೆಯವರೂ ಅದನ್ನೇ ಅನುಕರಿಸಿದರೆ ಅಗ್ರಹಾರದ ಕುರುಹು ಉಳಿಯುವುದೆಲ್ಲಿ?

ಹೊಯ್ಸಳರ ಕಾಲದ ಗಿಡಗಳಷ್ಟೇ ಇರಲಿ ಎನ್ನುವ ಮಡಿವಂತರುಂಟು. ಆಗ ಕಿತ್ತೆಸೆಯಬೇಕಾದವನ್ನು ಎಣಿಸಿ ನೋಡಿ: ಚೆಂಡುಹೂ, ಸೀಬೆ, ಪರಂಗಿ, ಮೆಣಸಿನಕಾಯಿ, ಕಾಗದದ ಹೂ. ಇವೆಲ್ಲ 1492ರ ನಂತರ ಅಮೆರಿಕಾ ಖಂಡದಿಂದ ಹಡಗೇರಿ ಬಂದವು. ಗುಡಿಯ ಬಾಗಿಲಲ್ಲಿ ನಿಂತು ದೇವರದೇ ಹೆಸರು ಹೊತ್ತ ದೇವಕಣಗಿಲೆಯೂ ಅಲ್ಲಿಯದೇ! ಕಾಶಿಕಣಗಿಲೆ ಕಾಶಿಯದಲ್ಲ, ಮಡಗಾಸ್ಕರಿನದು. ಸೋಮನಾಥಪುರದ ಶಿಲ್ಪಗಳ ಕೈಯಲ್ಲಿರುವುದು ಮುಸುಕಿನ ಜೋಳದ ತೆನೆಯೆಂದು 1989ರಲ್ಲಿ ಜೋಹಾನೆಸನ್ ಮತ್ತು ಪಾರ್ಕರ್ ವಾದಿಸಿದರು. 1993ರಲ್ಲಿ ಪಾಯಕ್ ಮತ್ತು ಸಚನ್ ಅದನ್ನು ಅಲ್ಲಗಳೆದರು. ನನಗೆ ಎರಡನೆಯವರ ಮಾತೇ ಸರಿಯೆನಿಸುತ್ತದೆ. ಕಲ್ಲಿನಲ್ಲಿ ಸಸ್ಯಶಾಸ್ತ್ರವನ್ನು ಓದುವುದು ಅಪಾಯದ ಕೆಲಸ.

ನಾನು ಗಿಡದ ಜನ್ಮಸ್ಥಳ ಕೇಳುವವನಲ್ಲ, ಮನೆಯಲ್ಲಿ ಅದರ ಕೆಲಸವೇನೆಂದು ಕೇಳುವವನು. ಚೆಂಡುಹೂ ಮಾಲೆಗೆ ಒದಗುತ್ತದೆ, ಇರಲಿ. ಗುಲ್‌ಮೊಹರ್ ಬೇಡ: ಅದು ವಿದೇಶದ್ದೆಂದಲ್ಲ, ಗುಡಿಯೇ ತಗ್ಗಿನದು, ಬೆಳೆದ ಮರ ಅದನ್ನು ಮರೆಮಾಡುತ್ತದೆ. ಅರಳಿಯ ಸಸಿಯನ್ನು ಗೋಡೆಯ ಬಳಿ ಬಿಡುವಂತಿಲ್ಲ, ಬೇರಿಗೆ ಭಕ್ತಿಯಿಲ್ಲ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಅಡುಗೆ, ವೈದ್ಯಗಳ ನಡುವೆಯೇ ವೃಕ್ಷಾಯುರ್ವೇದವೂ ಬರುತ್ತದೆ. ನಮ್ಮ ಹಿರಿಯರಿಗೆ ಗಿಡ ಸಾಕುವುದು ಸಂಸಾರದ ವಿದ್ಯೆಯಾಗಿತ್ತು, ಅಲಂಕಾರವಷ್ಟೇ ಆಗಿರಲಿಲ್ಲ.

ಆದ್ದರಿಂದ ಮುಂದೆ, ಸಾರಿಸಿ ರಂಗೋಲಿಯಿಡಲು ಬರಿಯ ನೆಲವನ್ನು ಧಾರಾಳವಾಗಿ ಬಿಡಬೇಕು. ಬರಿಯ ನೆಲವೂ ತೋಟದ ಭಾಗವೇ. ಪೇಟೆಯ ತೋಟಗಾರರಿಗೆ ಇದು ಒಪ್ಪಿಗೆಯಾಗದು. ನಡುವೆ ತುಳಸಿಕಟ್ಟೆ, ಜಗಲಿಯ ಕಂಬಕ್ಕೆ ಮಲ್ಲಿಗೆಯ ಬಳ್ಳಿ, ಮೂಲೆಯಲ್ಲೊಂದು ಪಾರಿಜಾತ. ಕಾಂಪೌಂಡು ಗೋಡೆಯ ಆಸೆಯನ್ನು ಬಿಡುವುದೇ ಲೇಸು: 2010ರಲ್ಲಿ ತಿದ್ದುಪಡಿಯಾದ ಸ್ಮಾರಕಗಳ ಕಾಯಿದೆಯು ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ನಿರ್ಮಾಣವನ್ನು ನಿಷೇಧಿಸುತ್ತದೆ, ಆಚೆಗಿನ 200 ಮೀಟರಿಗೂ ಅನುಮತಿ ಬೇಕು. ಬೇಲಿಗೆ ಕಣಗಿಲೆ ಸಾಕು. ವಿಷವೆಂದು ದನ ಮುಟ್ಟುವುದಿಲ್ಲ, ಪೂಜೆಗೆ ಹೂವೂ ಸಿಕ್ಕುತ್ತದೆ. ಹಿತ್ತಲಿನಲ್ಲಿ, ಬಚ್ಚಲಿನ ನೀರು ಹರಿಯುವ ಕಡೆ, ಎರಡು ಬಾಳೆ, ಒಂದು ಕರಿಬೇವು.