ಮಾತ್ರೆ, ಮಿದುಳು ಮತ್ತು 'ನಾನು'

ಜೇವರ್ಗಿ ತಾಲ್ಲೂಕಿನ ಅಂದೋಲಾದ ಕಡೆ ಯಾರಾದರೂ 'ಜೀವಕ್ಕ ಬ್ಯಾಸರ ಆಗ್ಯಾದ' ಎಂದರೆ, ಕೇಳಿದವರು ಧೈರ್ಯ ಹೇಳಿ ಸುಮ್ಮನಾಗುವುದೇ ಹೆಚ್ಚು. ಬೇಸರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಆದರೆ ಎರಡು ವಾರ ಕಳೆದರೂ ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದು, ಯಾವುದರಲ್ಲೂ ಆಸಕ್ತಿ ಇಲ್ಲದೆ, ನಿದ್ರೆ ಹಸಿವು ಕೆಟ್ಟು, 'ನಾನು ಯಾತಕ್ಕೂ ಬಾರದವನು' ಎಂಬ ಭಾವನೆ ಬಲಿತರೆ? ಅದು ಬೇಸರವಲ್ಲ, ಖಿನ್ನತೆ ಎಂಬ ಕಾಯಿಲೆ ಇರಬಹುದು. ಇದಕ್ಕೆ ಮಾತ್ರೆಗಳಿವೆ. ಅವು ಮಿದುಳಿನಲ್ಲಿ ಏನು ಮಾಡುತ್ತವೆ? 'ನಾನು' ಎಂಬ ಭಾವನೆಯನ್ನು ಒಂದು ಮಾತ್ರೆ ಬದಲಿಸುವುದು ಹೇಗೆ? ಈ ಪ್ರಶ್ನೆಗಳಿಗೆ ಎಪ್ಪತ್ತು ವರ್ಷಗಳ ಕುತೂಹಲಕರ ಇತಿಹಾಸವಿದೆ.

ಸರ್ಪಗಂಧದಿಂದ ಆರಂಭ

ಕಥೆಯ ಒಂದು ಎಳೆ ನಮ್ಮ ದೇಶದ್ದೇ. ಸರ್ಪಗಂಧದ ಬೇರು ರಕ್ತದ ಒತ್ತಡವನ್ನು ತಗ್ಗಿಸುತ್ತದೆ, ಉದ್ರಿಕ್ತ ಮನೋರೋಗಿಗಳನ್ನು ಶಾಂತಗೊಳಿಸುತ್ತದೆ ಎಂದು ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲಿ ವರದಿ ಮಾಡಿದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ರಕ್ತದ ಒತ್ತಡದ ಮೇಲಿನ ಪರಿಣಾಮವನ್ನು ಬ್ರಿಟಿಷ್ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಜಗತ್ತು ಗಮನಿಸಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ 'ರೆಸರ್ಪಿನ್' ಎಂಬ ಕ್ಷಾರಾಭವನ್ನು ಬೇರ್ಪಡಿಸಿದರು.

ರೆಸರ್ಪಿನ್ ಸೇವಿಸಿದ ಕೆಲವರು ಖಿನ್ನರಾದರೆಂಬ ವರದಿಗಳು ಬಂದವು. 1955ರಲ್ಲಿ ಅಮೆರಿಕದ ಬರ್ನಾರ್ಡ್ ಬ್ರಾಡಿ ಮತ್ತು ಸಂಗಡಿಗರು, ರೆಸರ್ಪಿನ್ ಕೊಟ್ಟರೆ ಮಿದುಳಿನ ಸೆರೊಟೋನಿನ್ ಬರಿದಾಗುತ್ತದೆ ಎಂದು ತೋರಿಸಿದರು. ಸೆರೊಟೋನಿನ್ ಒಂದು ನರವಾಹಕ, ಅಂದರೆ ಒಂದು ನರಕೋಶದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ರಾಸಾಯನಿಕ. ನರವಾಹಕ ಕಡಿಮೆಯಾದರೆ ಖಿನ್ನತೆ ಎಂಬ ಊಹೆಗೆ ಇದು ಬೀಜವಾಯಿತು. ಆದರೆ ಅದೇ 1955ರಲ್ಲಿ ಇಂಗ್ಲೆಂಡಿನ ಡೇವಿಸ್ ಮತ್ತು ಶೆಫರ್ಡ್, ಆತಂಕ ಹಾಗೂ ಖಿನ್ನತೆಯಿಂದ ಬಳಲುವವರಿಗೆ ರೆಸರ್ಪಿನ್ ನೆರವಾಯಿತೆಂದು ವರದಿ ಮಾಡಿದ್ದರು! ಊಹೆಗೆ ಒಗ್ಗದ ಈ ಸಾಕ್ಷ್ಯವನ್ನು ಹೆಚ್ಚು ಜನ ಗಮನಿಸಲಿಲ್ಲ.

ಆಕಸ್ಮಿಕವಾಗಿ ದೊರೆತ ಔಷಧಿಗಳು

1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯರೋಗಿಗಳಿಗೆ ಇಪ್ರೊನಿಯಾಜಿಡ್ ಕೊಡಲಾಯಿತು. ಹಾಸಿಗೆ ಹಿಡಿದಿದ್ದವರು ಗೆಲುವಾದರು. ನರವಾಹಕಗಳನ್ನು ಒಡೆಯುವ ಕಿಣ್ವವೊಂದನ್ನು ಈ ಔಷಧಿ ತಡೆಯುತ್ತಿತ್ತು. ಸ್ವಿಟ್ಜರ್ಲೆಂಡಿನ ಮುನ್ಸ್ಟರ್‌ಲಿಂಗೆನ್ ಆಸ್ಪತ್ರೆಯ ರೋಲಂಡ್ ಕುನ್, ಸ್ಕಿಜೋಫ್ರೇನಿಯಕ್ಕೆಂದು ಪರೀಕ್ಷಿಸಿದ್ದ ಇಮಿಪ್ರಮಿನ್ ಅನ್ನು 1956ರಲ್ಲಿ ಖಿನ್ನತೆಯ ರೋಗಿಗಳಿಗೆ ಕೊಟ್ಟು, ಅವರು ಚೇತರಿಸಿಕೊಂಡದ್ದನ್ನು 1957ರಲ್ಲಿ ಪ್ರಕಟಿಸಿದರು. ಬಿಡುಗಡೆಯಾದ ನರವಾಹಕವನ್ನು ನರಕೋಶ ಮರಳಿ ಹೀರಿಕೊಳ್ಳುತ್ತದೆ, ಇಮಿಪ್ರಮಿನ್ ಅದನ್ನು ತಡೆಯುತ್ತದೆ ಎಂದು ಜೂಲಿಯಸ್ ಆಕ್ಸೆಲ್‌ರಾಡ್ ತೋರಿಸಿದರು. ನರವಾಹಕಗಳ ಕುರಿತ ಸಂಶೋಧನೆಗಾಗಿ ಅವರಿಗೆ 1970ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಸೆರೊಟೋನಿನ್ನಿನ ಮರುಹೀರಿಕೆಯನ್ನೇ ಮುಖ್ಯವಾಗಿ ತಡೆಯುವ ಫ್ಲೂಆಕ್ಸಿಟಿನ್‌ಗೆ ಅಮೆರಿಕದಲ್ಲಿ 1987ರಲ್ಲಿ ಅನುಮತಿ ಸಿಕ್ಕಿತು.

ವಾರಗಳ ಒಗಟು

ಇಲ್ಲೊಂದು ತೊಡಕಿದೆ. ಮರುಹೀರಿಕೆ ಕೆಲವೇ ಗಂಟೆಗಳಲ್ಲಿ ತಡೆಯಲ್ಪಡುತ್ತದೆ. ಆದರೆ ರೋಗಿಗೆ ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಕೊರತೆಯನ್ನು ತುಂಬುವುದಷ್ಟೇ ಔಷಧಿಯ ಕೆಲಸವಾಗಿದ್ದರೆ ಇಷ್ಟು ವಿಳಂಬವೇಕೆ? ಖಿನ್ನತೆ ಎಂದರೆ ಸೆರೊಟೋನಿನ್ ಕೊರತೆ ಎಂಬ ಸರಳ ವಿವರಣೆಗೆ ಗಟ್ಟಿಯಾದ ಸಾಕ್ಷ್ಯವಿಲ್ಲ ಎಂದು 2022ರ ಸಮೀಕ್ಷೆಯೊಂದು ಹೇಳಿತು. ಹಾಗೆಂದು ಔಷಧಿ ಕೆಲಸ ಮಾಡುವುದಿಲ್ಲ ಎಂದಲ್ಲ. ಪ್ಯಾರಾಸಿಟಮಾಲ್‌ನಿಂದ ಜ್ವರ ಇಳಿಯಿತೆಂದು ಪ್ಯಾರಾಸಿಟಮಾಲ್ ಕೊರತೆಯಿಂದ ಜ್ವರ ಬಂದಿತ್ತು ಎನ್ನಲಾದೀತೆ? 522 ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯಲ್ಲಿ, ಪರೀಕ್ಷಿಸಿದ 21 ಔಷಧಿಗಳೂ ಹುಸಿಮಾತ್ರೆಗಿಂತ ಮೇಲೆಂದು ಕಂಡುಬಂತು. ಆದರೆ ಅಂತರ ಸಾಧಾರಣವಾದದ್ದು.

ಒಗಟಿಗೆ ಒಂದು ಸುಳಿವು ನರಕೋಶಗಳ ಆಕಾರದಲ್ಲಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು 2002ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ದೀರ್ಘಕಾಲದ ಒತ್ತಡದಿಂದ ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದವು. ಭಯಕ್ಕೆ ಸಂಬಂಧಿಸಿದ ಅಮಿಗ್ಡಲದಲ್ಲಿ ಅವು ಹಬ್ಬಿದವು. ಔಷಧಿಯನ್ನು ಕೆಲವು ವಾರ ಕೊಟ್ಟಾಗ ನರಕೋಶಗಳ ಪೋಷಕ ಪ್ರೋಟೀನುಗಳು ಹೆಚ್ಚುವುದನ್ನು ಪ್ರಾಣಿಗಳಲ್ಲಿ ಕಾಣಲಾಗಿದೆ. ಕವಲೊಡೆಯಲು ಗಿಡಕ್ಕೂ ಸಮಯ ಬೇಕು, ನರಕೋಶಕ್ಕೂ ಬೇಕು.

ತನ್ನನ್ನು ತಾನು ಕಾಣುವ ಬಗೆ

ಖಿನ್ನತೆಯಲ್ಲಿ ವ್ಯಕ್ತಿ ತನ್ನನ್ನು, ಜಗತ್ತನ್ನು, ಭವಿಷ್ಯವನ್ನು ಕೀಳಾಗಿ ಕಾಣುತ್ತಾನೆ ಎಂದು 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ವಿವರಿಸಿದರು. ಶಿಕ್ಷಕರಾದ ನಿಮಗೆ ಇದು ಅಪರಿಚಿತವಲ್ಲ. ಹತ್ತು ಮೆಚ್ಚುಗೆಯ ಮಾತು ಹೇಳಿದರೂ ಒಂದು ತಪ್ಪನ್ನಷ್ಟೇ ನೆನಪಿಡುವ ವಿದ್ಯಾರ್ಥಿಯನ್ನು ನೀವು ಕಂಡಿರಬಹುದು.

ಆಕ್ಸ್‌ಫರ್ಡಿನ ಕ್ಯಾಥರೀನ್ ಹಾರ್ಮರ್ ಇದನ್ನು ಅಳೆಯಲು ಹೊರಟರು. 2004ರಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಏಳು ದಿನ ಖಿನ್ನತೆ ನಿವಾರಕ ಕೊಟ್ಟು ಪರೀಕ್ಷಿಸಿದಾಗ, ಅವರು ಮುಖಭಾವಗಳಲ್ಲಿ ಭಯ, ಸಿಟ್ಟುಗಳನ್ನು ಕಡಿಮೆ ಗುರುತಿಸಿದರು. ವ್ಯಕ್ತಿಗುಣಗಳನ್ನು ಸೂಚಿಸುವ ಪದಗಳಲ್ಲಿ ಒಳ್ಳೆಯವನ್ನು ಹೆಚ್ಚು ನೆನಪಿಟ್ಟುಕೊಂಡರು. ಅವರ ಮನಃಸ್ಥಿತಿ ಮಾತ್ರ ಬದಲಾಗಿರಲಿಲ್ಲ. 2009ರಲ್ಲಿ ಖಿನ್ನತೆಯ ರೋಗಿಗಳಲ್ಲಿ ಒಂದೇ ಗುಳಿಗೆಯಿಂದ ಇಂಥ ವ್ಯತ್ಯಾಸ ಕಂಡಿತು. ಇದರಿಂದ ಹೊಮ್ಮಿದ ಸಿದ್ಧಾಂತ ಹೀಗಿದೆ: ಔಷಧಿ ನೇರವಾಗಿ ಸಂತೋಷ ಕೊಡುವುದಿಲ್ಲ. ಮೊದಲು ಗಮನ ಮತ್ತು ನೆನಪುಗಳ ಒಲವು ತಿರುಗುತ್ತದೆ. ಬಳಿಕ ದಿನದಿನದ ಸಣ್ಣ ಒಳ್ಳೆಯ ಅನುಭವಗಳು ಒಂದೊಂದಾಗಿ ಸೇರಿ, ವಾರಗಳ ಅನಂತರ 'ನಾನು' ಎಂಬ ಚಿತ್ರ ತಿಳಿಯಾಗುತ್ತದೆ. ಇದು ನಿಜವಾದರೆ, ಮನೆಯವರ, ಗೆಳೆಯರ, ಶಿಕ್ಷಕರ ಒಳ್ಳೆಯ ಮಾತೂ ಚಿಕಿತ್ಸೆಯ ಭಾಗವೇ. ಮಾತ್ರೆ ಕಿವಿ ತೆರೆಸಬಹುದು, ಕೇಳಿಸುವ ಮಾತನ್ನು ನಾವೇ ಆಡಬೇಕು.

ಹಳ್ಳಿಗೆ ಚಿಕಿತ್ಸೆ

ಬೆಂಗಳೂರಿನ ನಿಮ್ಹಾನ್ಸ್ 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಹೊಸ ದಾರಿ ತೋರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಅಲ್ಲೇ ಚಿಕಿತ್ಸೆ ದೊರಕಿಸುವ ಈ ಮಾದರಿಯನ್ನು 1996ರಿಂದ ದೇಶದ ಇತರ ಜಿಲ್ಲೆಗಳಿಗೂ ವಿಸ್ತರಿಸಲಾಯಿತು. ಆದರೂ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015–16ರ ಸಮೀಕ್ಷೆಯಲ್ಲಿ, ತೀವ್ರ ಖಿನ್ನತೆಯುಳ್ಳವರಲ್ಲಿ ಸುಮಾರು ಶೇಕಡ 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಹತ್ತು ದಿನ ನುಂಗಿ 'ಗುಣ ಕಾಣಲಿಲ್ಲ' ಎಂದು ಮಾತ್ರೆ ಬಿಡುವವರಿಗೆ ಈ ಇತಿಹಾಸದಿಂದ ಪಾಠವಿದೆ: ವಿಳಂಬ ಸಹಜ. ಗುಣವಾದ ಮೇಲೂ ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ತಲೆಸುತ್ತು, ಚಡಪಡಿಕೆ ಬರಬಹುದು, ಕಾಯಿಲೆ ಮರುಕಳಿಸಬಹುದು. 25 ವರ್ಷದೊಳಗಿನ ಕೆಲವರಲ್ಲಿ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದಾದ್ದರಿಂದ ಮನೆಯವರು ಎಚ್ಚರದಿಂದಿರಬೇಕು. ಮೊದಲ ಔಷಧಿಯಿಂದ ಎಲ್ಲರಿಗೂ ಗುಣವಾಗದು. ಆಗ ಬೇರೆ ಔಷಧಿ, ಆಪ್ತಸಲಹೆಗಳ ದಾರಿಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಅಂದೋಲಾದಿಂದಲೂ ಕರೆಮಾಡಬಹುದು, ಅದು ಉಚಿತ. ನಿಮ್ಮ ಶಾಲೆಯ ಸೂಚನಾ ಫಲಕದಲ್ಲಿ ಈ ಸಂಖ್ಯೆಯನ್ನು ಇಂದೇ ಬರೆಯಿರಿ.