ಘಟಕ ಪರೀಕ್ಷೆಯ ಪ್ರವೇಶ ಮಾನದಂಡ

ತಂತ್ರಾಂಶದ ಬಿಡಿ ಘಟಕವೊಂದನ್ನು ಪರೀಕ್ಷೆಗೆ ಒಡ್ಡುವ ಮುನ್ನ ಪೂರೈಸಿರಬೇಕಾದ ಷರತ್ತುಗಳು. ಈ ಪರೀಕ್ಷೆಗೆ ಯೂನಿಟ್ ಟೆಸ್ಟಿಂಗ್ ಎಂಬ ಹೆಸರೂ ಉಂಟು; ಸಾಮಾನ್ಯವಾಗಿ ಕೋಡ್ ಬರೆದವರೇ ಇದನ್ನು ನಡೆಸುತ್ತಾರೆ. ಬ್ರಿಟನ್ 1998ರಲ್ಲಿ ಇದಕ್ಕೆಂದೇ ಬಿಎಸ್ 7925-2 ಎಂಬ ಮಾನಕವನ್ನು ಪ್ರಕಟಿಸಿತು.

ಷರತ್ತುಗಳ ಆಯ್ಕೆಗೆ ಘಟಕದ ಕೆಲಸವೇ ಆಧಾರ. ಉದಾಹರಣೆಗೆ ಜಮೀನಿನ ದಾಖಲೆಗಳ ವ್ಯವಸ್ಥೆಯೊಂದನ್ನು ನೋಡೋಣ. ಕರ್ನಾಟಕದ ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೇರಿದವು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆಯ ಅಂದಿನ ನಾಲ್ಕು ತಾಲ್ಲೂಕುಗಳಾದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳೂ ಅದರ ವ್ಯಾಪ್ತಿಗೆ ಬಂದವು.

ಇಂಥ ವ್ಯವಸ್ಥೆಯಲ್ಲಿ ಜಮೀನಿನ ವಿಸ್ತೀರ್ಣ ಕೂಡುವ ಘಟಕವನ್ನು ಪರೀಕ್ಷಿಸಬೇಕು ಎಂದುಕೊಳ್ಳೋಣ. 40 ಗುಂಟೆಗೆ 1 ಎಕರೆ ಎಂಬ ನಿಯಮ ಬರಹದಲ್ಲಿರಬೇಕು. 3 ಎಕರೆ 25 ಗುಂಟೆಗೆ 20 ಗುಂಟೆ ಕೂಡಿದರೆ 4 ಎಕರೆ 5 ಗುಂಟೆ ಎಂಬ ನಿರೀಕ್ಷಿತ ಉತ್ತರ ಮೊದಲೇ ಸಿದ್ಧವಿರಬೇಕು. ಕೋಡ್ ದೋಷವಿಲ್ಲದೆ ಕಂಪೈಲ್ ಆಗಿರಬೇಕು; ಇನ್ನೂ ಬರೆಯದ ಘಟಕಗಳ ಜಾಗದಲ್ಲಿ ತಾತ್ಕಾಲಿಕ ಸ್ಟಬ್‌ಗಳಿರಬೇಕು. ನೀರಾವರಿ ಮೂಲವನ್ನು ದಾಖಲಿಸುವ ಘಟಕವಾದರೆ ಮಾದರಿ ದತ್ತಾಂಶದಲ್ಲಿ ಗಂಗಾವತಿಯ ತುಂಗಭದ್ರಾ ಕಾಲುವೆಯ ಗದ್ದೆಯೂ ಕುಷ್ಟಗಿಯ ಮಳೆಯಾಶ್ರಿತ ಹೊಲವೂ ಸೇರಬೇಕು.

ಷರತ್ತು ಅತಿಯಾದರೆ ಪರೀಕ್ಷೆ ತಡವಾಗುತ್ತದೆ. ಕಡಿಮೆಯಾದರೆ ತಪ್ಪು ಕೋಡಿನದೋ ದತ್ತಾಂಶದ್ದೋ ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ.

ಪರೀಕ್ಷೆಯನ್ನೇ ಮೊದಲು ಬರೆದು ಆಮೇಲೆ ಕೋಡ್ ಬರೆಯುವ ಪದ್ಧತಿಯಲ್ಲಿ ಕಂಪೈಲ್ ಆಗಿರಬೇಕೆಂಬ ಷರತ್ತು ಅನ್ವಯಿಸದು. ಅಲ್ಲಿ ಸ್ಪಷ್ಟವಾದ ಅಗತ್ಯ ವಿವರಣೆಯೇ ಮುಖ್ಯ ಮಾನದಂಡ.